ಆರಕ್ಕೇ ನಿಂತ ಕಣ್ಣು

ಮಾರ್ಚ್ 4, ಮಂಗಳವಾರ

ಇವತ್ತು ಅಣ್ಣ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ. ಅವನು ಕನ್ನಡಕ ಹಾಕುವವನಲ್ಲ, ಹಾಕು ಎಂದರೆ ಕೇಳುವವನೂ ಅಲ್ಲ. ಕೈಯಲ್ಲಿ ತೊಟ್ಟಿಕ್ಕುವ ಪ್ಲಾಸ್ಟಿಕ್ ಚೀಲ. ಗಿರಾಕಿಯೊಬ್ಬರು ಗೋಡೆಯ ಅಕ್ಷರಪಟ್ಟಿಯ ನಾಲ್ಕನೇ ಸಾಲಿನಲ್ಲಿ ಒದ್ದಾಡುತ್ತಿದ್ದರು. ಅಣ್ಣ ಸೀದಾ ಬಂದು ಚೀಲವನ್ನು ಗಾಜಿನ ಕೌಂಟರಿನ ಮೇಲಿಟ್ಟ. ಒಳಗೆ ಐಸು, ಐಸಿನಲ್ಲಿ ಎರಡು ಸತ್ತ ಗೆಂಡೆ ಮೀನು.

"ಪುಟ್ಟೀ, ಇದನ್ನ ಸ್ವಲ್ಪ ನೋಡು," ಎಂದ.

ನಲವತ್ತಾರು ವರ್ಷದ ಹೆಂಗಸನ್ನು ಗಿರಾಕಿಗಳೆದುರು ಪುಟ್ಟಿ ಎನ್ನಬೇಡ ಎಂದು ಎಷ್ಟು ಸಲ ಹೇಳುವುದು.

"ನೋಡಿದೆ. ಮೀನು."

"ಹಾಗಲ್ಲ. ಮೈಕ್ರೋಸ್ಕೋಪಲ್ಲಿ."

ಮೂರನೇ ಕೊಳದ ತಾಯಿ ಮೀನುಗಳು ಸಾಯುತ್ತಿವೆಯಂತೆ. ನಲವತ್ತರಲ್ಲಿ ನಾಲ್ಕು ಹೋಗಿವೆ. ಉಳಿದವು ಮೇವು ಮುಟ್ಟುವುದಿಲ್ಲ, ಕೊಳದ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತವೆ. ಹನ್ನೊಂದು ವರ್ಷ, ಪ್ರತಿ ವರ್ಷದ ಮರಿಗಳಲ್ಲಿ ಒಳ್ಳೆಯವನ್ನೇ ಆರಿಸಿ ಆರಿಸಿ ಅಣ್ಣ ಕಟ್ಟಿದ ಸಂಸಾರ ಅದು. ಇನ್ನು ಮೂರು ನಾಲ್ಕು ವಾರಕ್ಕೆ ಮೊಟ್ಟೆ ಇಡಬೇಕು. ಇವು ಹೋದರೆ ಮತ್ತೆ ಹನ್ನೊಂದು ವರ್ಷ, ಅಣ್ಣನಿಗೀಗ ಐವತ್ತೆಂಟು. ಮೀನುಗಾರಿಕೆ ಇಲಾಖೆಯ ಮೀನಿನ ಡಾಕ್ಟರ ಕುರ್ಚಿ ಒಂದು ವರ್ಷದಿಂದ ಖಾಲಿ. ಹೊರಗೆ ಕಳಿಸಿದರೆ ಉತ್ತರ ಬರಲು ಹದಿನೈದು ದಿನ.

"ನಾನು ಲ್ಯಾಬ್ ಕೆಲಸ ಬಿಟ್ಟು ಎರಡು ವರ್ಷ ಆಯ್ತಲ್ಲಣ್ಣಾ."

"ಗೊತ್ತು," ಎಂದ. ಚೀಲ ಬಿಟ್ಟು ಹೊರಟೇಹೋದ. ಅವನು ಗೆಲ್ಲುವುದು ಯಾವಾಗಲೂ ಹೀಗೆಯೇ, ಮಾತಾಡದೆ.

ಯಜಮಾನರು ಮೂಗು ಮುಚ್ಚಿಕೊಂಡು, "ಏನಮ್ಮಾ, ಕಣ್ಣಿನ ಅಂಗಡೀಲಿ ಮೀನಿನ ಅಂಗಡಿ ತೆಗೆದ್ರಾ?" ಎಂದರು. ಗಿರಾಕಿ ನಕ್ಕರು. ನಾಲ್ಕನೇ ಸಾಲು ಅವರಿಗೆ ಕೊನೆಗೂ ಕಾಣಲಿಲ್ಲ.

ನೋಡುವುದಿಲ್ಲ ಎಂದರೆ ನೋಡುವುದಿಲ್ಲ. ಬೆಳಗ್ಗೆ ಮನೆ ಬಿಡುವಾಗ ಬೀಗವನ್ನು ಐದು ಸಲ ಎಳೆದು ನೋಡಿದ್ದೆ. ಬೀದಿಯ ತಿರುವಿನಿಂದ ವಾಪಸ್ ಬಂದು ಆರನೇ ಸಲ. ಇಂಥವಳ ಕೈಗೆ ಮೀನು ಕೊಡುತ್ತಾನೆ!

ಮಾರ್ಚ್ 5, ಬುಧವಾರ

ಫ್ರಿಜ್ಜು ತೆಗೆದಾಗಲೆಲ್ಲ ಹಾಲಿನ ಪಕ್ಕದಿಂದ ಎರಡು ಮೀನು ನನ್ನನ್ನೇ ನೋಡುತ್ತವೆ. ಬೆಳಗ್ಗೆ ತಡೆಯಲಾಗದೆ ಬೀರುವಿನ ಮೇಲಿಂದ ಮೈಕ್ರೋಸ್ಕೋಪು ಇಳಿಸಿದೆ. ಮುಚ್ಚಿದ್ದ ಬಟ್ಟೆಯ ಮೇಲೆ ಧೂಳಿತ್ತು, ಒಳಗೆ ಒಂದು ಕಣವೂ ಇಲ್ಲ. ಹಳೆಯ ಕನ್ನಡಿಯ ಮಾದರಿ, ಬಿಸಿಲಿದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ನಾನು ಲ್ಯಾಬ್ ಪರೀಕ್ಷೆ ಪಾಸಾದಾಗ ಅಣ್ಣ ತನ್ನ ಮೊದಲ ಕೊಳದ ಮೀನು ಮಾರಿ ತಂದುಕೊಟ್ಟದ್ದು. ಅವನು ಇವತ್ತಿಗೂ ಒಮ್ಮೆಯೂ ಅದರೊಳಗೆ ಇಣುಕಿದವನಲ್ಲ.

ಮೀನಿನ ಮೈಯ ಲೋಳೆಯನ್ನು ಕೆರೆದು ಸ್ಲೈಡಿಗೆ ಹಚ್ಚಿದೆ. ಒಣಗಿಸಿದೆ, ಸ್ಪಿರಿಟ್ ಹಾಕಿದೆ, ಉಳಿದಿದ್ದ ನೀಲಿ ಬಣ್ಣದಲ್ಲಿ ಅದ್ದಿದೆ, ನಲ್ಲಿ ನೀರಿನಲ್ಲಿ ತೊಳೆದೆ. ಇಪ್ಪತ್ತೆರಡು ವರ್ಷ ಮನುಷ್ಯರ ರಕ್ತಕ್ಕೆ ಮಾಡಿದ ಕ್ರಮ, ಕೈಗೆ ತಾನಾಗೇ ಬಂತು. ಕಂಡದ್ದೇನು? ನೀಲಿ ಕೆಸರು. ಮತ್ತೊಂದು ಮಾಡಿದೆ. ನೀಲಿ ಕೆಸರು.

ನೂರು ಫೀಲ್ಡ್ ಎಣಿಸಿ ನೋಡಿದೆ. ಫೀಲ್ಡ್ ಎಂದರೇನೆಂದು ಅಣ್ಣನಿಗೆ ಒಮ್ಮೆ ಹೇಳಿದ್ದೆ: ಮಸೂರದಲ್ಲಿ ಒಂದು ಸಲಕ್ಕೆ ಕಾಣುವ ದುಂಡು ಜಾಗ. ಮಲೇರಿಯಾ ಹುಡುಕುವಾಗ ಅಂಥ ನೂರು ನೋಡಬೇಕು. ಅವತ್ತು ನಾನು ಆರೇ ನೋಡಿದೆ.

ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಮೇಜಿನ ಮೇಲೆ ನಲವತ್ತು ಸ್ಲೈಡು ಕಾಯುತ್ತಿದ್ದವು. ನಮ್ಮ ಎಂಟೂ ಹತ್ತರ ಬಸ್ಸಿನ ಕಂಡಕ್ಟರರ ಸ್ಲೈಡಿನಲ್ಲಿ ಆರನೇ ಫೀಲ್ಡಿಗೇ ಮಲೇರಿಯಾ ಸಿಕ್ಕಿತು, ಸಾಧಾರಣ ಜಾತಿಯದು. ಬರೆದೆ, ಮುಂದಿನ ಸ್ಲೈಡಿಗೆ ಹೋದೆ. ಒಂದೇ ರಕ್ತದಲ್ಲಿ ಎರಡು ಜಾತಿ ಇರಬಹುದೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅದೇ ಸ್ಲೈಡಿನಲ್ಲಿ, ಇನ್ನೊಂದಿಷ್ಟು ಮುಂದೆ, ತಲೆಗೇರುವ ಜಾತಿಯೂ ಇತ್ತು. ನಾಲ್ಕು ದಿನ ಅವರಿಗೆ ಅರ್ಧ ಕಾಯಿಲೆಗೆ ಔಷಧ ಕೊಟ್ಟರು. ಐದನೇ ದಿನ ಎಚ್ಚರ ತಪ್ಪಿತು. ಇಪ್ಪತ್ತೆರಡು ದಿನ ಆಸ್ಪತ್ರೆ. ಬದುಕಿದರು, ಒಂದು ಕಿವಿ ಹೋಯಿತಂತೆ. ಜ್ವರಕ್ಕೋ ಔಷಧಕ್ಕೋ ಡಾಕ್ಟರಿಗೂ ಗೊತ್ತಿಲ್ಲ. "ಇಂಥದ್ದು ಆಗುತ್ತೆ" ಎಂದು ಡಾಕ್ಟರು ಮಾತನ್ನು ಅಲ್ಲಿಗೇ ಮುಚ್ಚಿದರು. ಕಂಡಕ್ಟರರಿಗೆ ಯಾರೂ ಹೇಳಲಿಲ್ಲ. ನಾನೂ.

ಅದಕ್ಕಿಂತ ಕೆಟ್ಟದ್ದು ಇದು: ಅವರು ನನ್ನನ್ನು ಕಂಡಲ್ಲಿ ಕೈ ಮುಗಿಯುತ್ತಾರೆ. ತಮ್ಮ ಕಾಯಿಲೆ ಕಂಡುಹಿಡಿದವಳು ನಾನೇ ಎಂದುಕೊಂಡಿದ್ದಾರೆ. ಆ ನಮಸ್ಕಾರ ತಡೆಯಲಾಗದೆ ಎಂಟೂ ಹತ್ತರ ಬಸ್ಸು ಹತ್ತುವುದನ್ನೇ ಬಿಟ್ಟೆ. ಕೆಲಸವನ್ನೂ.

ಮಾರ್ಚ್ 8, ಶನಿವಾರ

ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ!

ಇಲಾಖೆಯ ಕಚೇರಿಯ ಗುಮಾಸ್ತರು ಮೀನಿನ ಕಾಯಿಲೆಯ ಕೈಪಿಡಿಯೊಂದನ್ನು ಹುಡುಕಿಕೊಟ್ಟರು. ಅರ್ಧ ಹಾಳೆ ಹುಳ ತಿಂದಿದೆ. ಹುಳದ ಬಗ್ಗೆ ಇರುವ ಪುಸ್ತಕವನ್ನೇ ತಿಂದಿದೆ, ಅದರ ಧೈರ್ಯ ನೋಡಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಓದುತ್ತ ಕೂತರೆ ಒಂದೊಂದು ಸಾಲೂ ನನಗೇ ಬೈದ ಹಾಗಿತ್ತು. ಮೀನು ಸತ್ತು ತಣ್ಣಗಾದರೆ ಮೈಮೇಲಿನ ಪರೋಪಜೀವಿಗಳು ಗಂಟೆಗಳಲ್ಲಿ ಬಿಟ್ಟು ಹೋಗುತ್ತವೆ, ಗೋಡೆ ಬಿದ್ದ ಮನೆಯಿಂದ ಬಾಡಿಗೆಯವರು ಹೊರಡುವ ಹಾಗೆ. ಐಸಿನಲ್ಲಿಟ್ಟ ಮೀನಿನಲ್ಲಿ ಹುಡುಕಿದರೆ ಏನು ಸಿಗುತ್ತದೆ? ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಅವು ಸತ್ತು ಒಡೆದುಹೋಗುತ್ತವೆ. ಇನ್ನು ಒಣಗಿಸಿ ಬಣ್ಣ ಹಾಕುವುದಂತೂ ಬೇಡವೇ ಬೇಡ. ಜೀವಂತ ಮೀನು, ಅದರದೇ ಕೊಳದ ನೀರಿನ ಹನಿ, ಬಣ್ಣವಿಲ್ಲ. ಅವುಗಳ ಗುರುತು ಆಕಾರಕ್ಕಿಂತ ಹೆಚ್ಚಾಗಿ ನಡಿಗೆಯಲ್ಲಿ.

ಮನುಷ್ಯರ ರಕ್ತದಲ್ಲಿ ನಾನು ನೋಡಿದ್ದೆಲ್ಲ ಸತ್ತದ್ದನ್ನೇ. ಓಡಾಡುವುದನ್ನು ನೋಡಿಯೇ ಇಲ್ಲ. ಹೇಗಿರುತ್ತವೋ?

ನಾಳೆ ಭಾನುವಾರ. ಸುಮ್ಮನೆ ಹೋಗಿ ನೋಡಿ ಬರುವುದು, ಅಷ್ಟೆ. ಬೀಗ ನಾಲ್ಕು ಸಲ.

ಮಾರ್ಚ್ 9, ಭಾನುವಾರ

ಮೈಕ್ರೋಸ್ಕೋಪನ್ನು ಚೀಲದಲ್ಲಿ ಹೊತ್ತು ಒಂದೂಕಾಲು ಗಂಟೆ ನಡೆದೆ. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷದ ದಾರಿ. ಆಟೋದವರು ಆ ಕಲ್ಲು ರಸ್ತೆ ಎಂದರೆ ಮುಖ ತಿರುಗಿಸುತ್ತಾರೆ. ಹೆಗಲು ಬಿದ್ದುಹೋಗಿದೆ, ಆದರೂ ಬರೆಯದೆ ಮಲಗಲಾರೆ.

ನನ್ನನ್ನು ಕಂಡದ್ದೇ ಅತ್ತಿಗೆ ಕೊಳದ ಕಡೆ ತಿರುಗಿ, "ನಾದಿನಿ ಡಾಕ್ಟ್ರು ಬಂದ್ರು, ಎಲ್ಲಾರೂ ಬಾಯಿ ತೆಗೀರಿ!" ಎಂದು ಕೂಗಿದರು. ಅಣ್ಣ ಆಡದ ಮಾತನ್ನೆಲ್ಲ ಮೂವತ್ತು ವರ್ಷದಿಂದ ಅವರೇ ಆಡುತ್ತಿದ್ದಾರೆ.

ಮೇವಿನ ಕೊಠಡಿಯ ಕಿಟಕಿಗೆ ಒಳ್ಳೆಯ ಬಿಸಿಲು. ಮೂಟೆಗಳ ಮೇಲೆ ಹಲಗೆ ಇಟ್ಟು ಮೈಕ್ರೋಸ್ಕೋಪು ಕೂರಿಸಿದೆ. ಅಣ್ಣ ಬಲೆ ಹಾಕಿ ಒಂದು ಮೀನನ್ನು ತಂದ. ಒದ್ದೆ ಗೋಣಿಯಲ್ಲಿ ಸುತ್ತಿ, ಕಣ್ಣು ಮುಚ್ಚಿ, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡ. ಗಾಜಿನ ಚೂರಿನಿಂದ ರೆಕ್ಕೆಯ ಹಿಂದಿನ ಲೋಳೆ ತೆಗೆದೆ. ಕೊಳದ ನೀರು ಒಂದು ಹನಿ. ಬಣ್ಣವಿಲ್ಲದ್ದು ಕಾಣಬೇಕಾದರೆ ಬೆಳಕನ್ನು ಕಿರಿದು ಮಾಡಬೇಕು, ಅದು ನೆನಪಿತ್ತು.

ಮೊದಲು ಏನೂ ಇಲ್ಲ. ಆಮೇಲೆ ಏನೋ ಒಂದು ಉರುಳಿ ಹೋಯಿತು.

ಅಬ್ಬಾ! ದುಂಡಗೆ, ಗಾಜಿನಂತೆ ತಿಳಿ, ಒಳಗೆ ಸೈಕಲ್ಲಿನ ಹಲ್ಲುಚಕ್ರದಂಥ ಬಳೆ. ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿವೆ. ಗಿರ್ರನೆ ತಿರುಗುತ್ತದೆ, ನಿಲ್ಲುತ್ತದೆ, ಪಕ್ಕಕ್ಕೆ ವಾಲಿದರೆ ತಟ್ಟೆಯ ಹಾಗೆ ಕಾಣುತ್ತದೆ, ಮತ್ತೆ ಗಿರ್ರನೆ. ಒಂದಲ್ಲ, ಒಂದು ಫೀಲ್ಡಿಗೆ ಹತ್ತು ಹನ್ನೆರಡು. ಇಂಥದ್ದು ಲೋಕದಲ್ಲಿ ಇದೆಯೆಂದು ತಿಳಿಯದೆಯೇ ನಲವತ್ತಾರು ವರ್ಷ ಕಳೆದೆನಲ್ಲ!

ಅತ್ತಿಗೆ ನನ್ನನ್ನು ತಳ್ಳಿಕೊಂಡು ಬಂದು ಇಣುಕಿದರು. "ಅಯ್ಯೋ ಅಯ್ಯೋ, ಗಿರಗಿಟ್ಲೆ ಆಡ್ತಿವೆ ಕಣೇ! ಮೀನು ಅಲ್ಲಿ ಸಾಯ್ತಿದ್ರೆ ಇವಕ್ಕೆ ಆಟ!" ಆ ಹೆಸರೇ ನಿಂತಿತು. ಅಣ್ಣನನ್ನು ಕರೆದೆ. "ನೀನು ನೋಡಿದ್ಯಲ್ಲ, ಸಾಕು," ಎಂದ.

ಕೈಪಿಡಿಯಲ್ಲಿ ಇದೇ ಚಿತ್ರ ಇದೆ. ಉಪ್ಪು ನೀರಿನ ಸ್ನಾನ ಮಾಡಿಸಬೇಕು. ಕಿವಿರನ್ನೂ ನೋಡಬೇಕು, ಉಗುರಿನಷ್ಟು ತುದಿ ಕತ್ತರಿಸಿದರೆ ಸಾಕು ಎಂದೂ ಇದೆ. ಹೇಳಿದೆ.

"ತಾಯಿ ಮೀನಿಗೆ ಕತ್ತರಿ ತಾಗಿಸ್ಬೇಡ," ಎಂದ ಅಣ್ಣ. "ಸಿಕ್ತಲ್ಲ, ಇನ್ಯಾಕೆ?"

ಸಿಕ್ಕಿತಲ್ಲ, ನಿಜ. ಅಷ್ಟು ಚೆನ್ನಾಗಿ ಸಿಕ್ಕಿರುವಾಗ ಪಾಪ, ಮೀನಿಗೇಕೆ ಹಿಂಸೆ. ನಾನೂ ಒತ್ತಾಯ ಮಾಡಲಿಲ್ಲ.

ಮಾರ್ಚ್ 10, ಸೋಮವಾರ

ಮೈಕೈ ನೋವು. ಬೀಗ ಎರಡು ಸಲ, ಹೊತ್ತಾಗಿತ್ತು.

ಮಾರ್ಚ್ 13, ಗುರುವಾರ

ಅತ್ತಿಗೆಯ ಫೋನು. ಉಪ್ಪು ಸ್ನಾನ ಆದ ಮೇಲೆ ಮೀನುಗಳು ಉಜ್ಜಿಕೊಳ್ಳುವುದನ್ನು ನಿಲ್ಲಿಸಿವೆ, ಒಂದೆರಡು ಮೇವಿಗೂ ಬಂದಿವೆ. "ಅಜ್ಜಿನೂ ಬಂದ್ಲು," ಎಂದರು. ಅಜ್ಜಿ ಎಂದರೆ ಕೊಳದ ಹಿರಿಯ ಮೀನು, ಬಾಲ ಹರಿದದ್ದು, ಅಣ್ಣನ ಕೈಯಿಂದಲೇ ತಿನ್ನುತ್ತದೆ. "ನಿಮ್ಮಣ್ಣ ಇವತ್ತು ಎರಡು ವಾಕ್ಯ ಮಾತಾಡಿದ್ರು, ನೋಡ್ಕೋ."

ಬಿಡುವಿದ್ದಾಗ ರಸೀತಿಯ ಹಿಂಬದಿಯಲ್ಲಿ ಗಿರಗಿಟ್ಲೆಯ ಚಿತ್ರ ಬರೆಯುತ್ತೇನೆ. ಹಲ್ಲು ಎಷ್ಟೆಂಬುದೇ ತಲೆಗೆ ಹೊಕ್ಕಿದೆ. ಒಮ್ಮೆ ಇಪ್ಪತ್ತನಾಲ್ಕು ಎಣಿಸಿದೆ, ಒಮ್ಮೆ ಇಪ್ಪತ್ತಾರು. ಅದು ನಿಂತರೆ ತಾನೇ ಎಣಿಸುವುದು. ಯಜಮಾನರು ಚಿತ್ರ ನೋಡಿ, "ಹೊಸ ಫ್ರೇಮಿನ ಡಿಸೈನಾ?" ಎಂದರು. ಯಾವ ಮೂಗಿಗೆ ಕೂರುತ್ತದೋ!

ಮಾರ್ಚ್ 16, ಭಾನುವಾರ

ಎರಡು ಸತ್ತಿವೆ.

ನಡೆದೇ ಹೋದೆ. ಲೋಳೆ ತೆಗೆದು ನೋಡಿದರೆ ಗಿರಗಿಟ್ಲೆ ಅಲ್ಲೊಂದು ಇಲ್ಲೊಂದು. ಮೀನುಗಳು ಮಾತ್ರ ನೀರು ಬೀಳುವ ಕೊಳವೆಯ ಬಾಯಿಯಲ್ಲಿ ಗುಂಪುಗೂಡಿ, ಮೂತಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು. ಅಣ್ಣ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಅವುಗಳನ್ನೇ ನೋಡುತ್ತಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

"ಸತ್ವ ಸಾಲಲಿಲ್ಲ, ಇನ್ನೂ ಗಟ್ಟಿ ಬೇಕು," ಎಂದೆ. ಬಾವಿಗೆ ಹಾಕುವ ನೇರಳೆ ಪುಡಿ, ಕೈಪಿಡಿಯ ದೊಡ್ಡ ಅಳತೆಯಲ್ಲಿ. ನಾಳೆ ಕೊಳದ ನೀರು ಇಳಿಸಿ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಹಾಕುವುದೆಂದು ಆಯಿತು. ಅಣ್ಣ ಹೂಂ ಎಂದ. ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾನೆ. ಎದೆ ಭಾರವಾಗುವುದು ಅದಕ್ಕೇ.

ಒಂದು ಲೆಕ್ಕ ಮಾತ್ರ ಹೊಂದುತ್ತಿಲ್ಲ. ಗಿರಗಿಟ್ಲೆ ಕಡಿಮೆಯಾಗಿವೆ, ಮೀನಿನ ಪಾಡು ಹೆಚ್ಚಾಗಿದೆ. ಇರಲಿ, ಹಳೆಯ ಗಾಯ ಇರಬಹುದು.

ಬೀಗ ಏಳು ಸಲ.

ಮಾರ್ಚ್ 18, ಮಂಗಳವಾರ

ಒಂದೊಂದಾಗಿ ಬರೆಯುತ್ತೇನೆ.

ಬೆಳಗ್ಗೆ ಏಳಕ್ಕೆ ಮುಂಚೆಯೇ ಬಾಗಿಲು ಬಡಿದ ಸದ್ದು. ಅತ್ತಿಗೆ. ಹಾಲಿನ ವ್ಯಾನಿನಲ್ಲಿ ಬಂದಿದ್ದರು, ತಂಗಿಯ ಊರಿಗೆ ರೈಲು ಹಿಡಿಯಬೇಕಿತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಮುಚ್ಚಳ ಹಾಕಿದ ದೊಡ್ಡ ಬಣ್ಣದ ಡಬ್ಬಿ. ಡಬ್ಬಿಯೊಳಗೆ ಪಟಪಟ ಸದ್ದು.

"ನಿಮ್ಮಣ್ಣಂಗೆ ಗೊತ್ತಿಲ್ಲ," ಎಂದರು. "ಇದು ಹೇಗೂ ಉಳಿಯೋದಲ್ಲ, ಮಗ್ಗುಲಾಗಿ ತೇಲ್ತಿತ್ತು. ಅವತ್ತು ಕಿವಿರು ನೋಡ್ಬೇಕು ಅಂದೆಯಲ್ಲ, ನೋಡು. ಇವರು ಕತ್ತರಿ ಬೇಡ ಅಂದ್ರೆ ನೀನೂ ಸುಮ್ಮನಾಗೋದಾ? ನಾನಾಗಿದ್ರೆ ಜಗಳ ಆಡ್ತಿದ್ದೆ."

ಎರಡು ಕಿಲೋದ ಮರಿತಾಯಿ, ಈ ವರ್ಷವೇ ಮೊದಲ ಸಲ ಮೊಟ್ಟೆ ಇಡಬೇಕಾಗಿದ್ದದ್ದು. ಅತ್ತಿಗೆ ಅದರ ತಲೆ ಸವರಿ ಹೊರಟರು. ಕಣ್ಣು ಒರೆಸಿಕೊಂಡದ್ದು ಕಂಡಿತು.

ಕಿವಿರಿನ ಮುಚ್ಚಳ ಎತ್ತಿದೆ. ಕೆಂಪಗೆ ಬಾಚಣಿಗೆಯ ಹಾಗಿರಬೇಕಾದದ್ದು ಬಿಳಿಚಿ, ಲೋಳೆ ಕಟ್ಟಿ, ತುದಿಯೆಲ್ಲ ಹರಿದಿತ್ತು. ಚೂರು ಕತ್ತರಿಸಿ, ಡಬ್ಬಿಯ ನೀರಿನದೇ ಹನಿ ಹಾಕಿ, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ.

ಮೊದಲ ಫೀಲ್ಡಿನಲ್ಲಿ ಗಿರಗಿಟ್ಲೆ. ಹಳೆಯ ಪರಿಚಯದವರನ್ನು ಕಂಡ ಹಾಗೆ ಅನ್ನಿಸಿತು. ಕೈ ತಾನಾಗೇ ಸ್ಲೈಡು ತೆಗೆಯಲು ಹೋಯಿತು. ನಿಲ್ಲು, ಎಂದೆ. ಜೋರಾಗಿಯೇ ಎಂದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ.

ಎರಡು, ಮೂರು, ನಾಲ್ಕು. ಬರೀ ಲೋಳೆ. ಐದು, ಆರು. ಏಳನೆಯದರಲ್ಲಿ ಕಿವಿರಿನ ಎರಡು ಹಲ್ಲುಗಳ ನಡುವಿನಿಂದ ಏನೋ ಉದ್ದಕ್ಕೆ ಚಾಚಿಕೊಂಡಿತು. ಜಿಗಣೆಯ ಹಾಗೆ ಎಳೆದುಕೊಂಡು, ಕುಗ್ಗಿ, ಮತ್ತೆ ಚಾಚಿ. ತಲೆಯ ಕಡೆ ನಾಲ್ಕು ಕಪ್ಪು ಚುಕ್ಕೆ, ಕಣ್ಣುಗಳು! ನಾನು ಅದನ್ನು ನೋಡುತ್ತಿದ್ದರೆ ಅದು ನನ್ನನ್ನು ನೋಡುತ್ತಿರುವ ಹಾಗೆ. ಬಾಲದ ಕಡೆ ಒಂದು ಜೊತೆ ಕೊಕ್ಕೆ, ಅದನ್ನು ಮೀನಿನ ಮಾಂಸಕ್ಕೆ ಸಿಕ್ಕಿಸಿ ನಿಂತಿದೆ. ಎಂಟನೆಯದರಲ್ಲಿ ಮೂರು. ಹದಿನೈದು ಮುಗಿಯುವಷ್ಟರಲ್ಲಿ ನಲವತ್ತು ದಾಟಿತು, ಎಣಿಸುವುದನ್ನು ಬಿಟ್ಟೆ.

ಕಿವಿರಿನ ಹುಳ. ಕೊಲ್ಲುತ್ತಿದ್ದವರು ಇವರು. ಗಿರಗಿಟ್ಲೆ ಬಾಗಿಲಲ್ಲಿ ಆಡುತ್ತಿದ್ದವು, ನಾನು ಅವುಗಳನ್ನೇ ನೋಡುತ್ತ ನಿಂತೆ. ಒಂದು ಸಿಕ್ಕಿತೆಂದು ನಿಂತೆ. ಮತ್ತೆ ಅದೇ ತಪ್ಪು, ಅದೇ ನಾನು!

ಕೈಪಿಡಿ ತೆರೆದೆ. ಕಿವಿರು ಹರಿದ ಮೀನಿಗೆ ನೇರಳೆ ಪುಡಿಯ ದೊಡ್ಡ ಅಳತೆ ಹಾಕಿದರೆ ಉಸಿರು ಕಟ್ಟಿ ಒಂದೇ ಗಂಟೆಯಲ್ಲಿ ಎಲ್ಲವೂ ಹೋಗುತ್ತವೆ. ಗಡಿಯಾರ ನೋಡಿದೆ, ಎಂಟಕ್ಕೆ ಐದು ನಿಮಿಷ. ಅಣ್ಣನಿಗೆ ಫೋನು ಮಾಡಿದೆ, ಹನ್ನೊಂದು ಸಲ. ಒಮ್ಮೆ ಕೊಳಕ್ಕೆ ಬಿದ್ದಾಗಿನಿಂದ ಅವನು ಫೋನನ್ನು ಮನೆಯ ಗೂಡಿನಲ್ಲಿ ಬಿಟ್ಟೇ ಕೊಳಕ್ಕೆ ಹೋಗುವುದು. ಅತ್ತಿಗೆ ರೈಲಿನಲ್ಲಿ. ನಡೆದರೆ ಒಂಬತ್ತು ದಾಟುತ್ತದೆ.

ಎಂಟೂ ಹತ್ತರ ಬಸ್ಸು.

ಕಿವಿರಿನ ಚೂರನ್ನು ಸಣ್ಣ ಸೀಸೆಗೆ ಹಾಕಿಕೊಂಡೆ, ಮೈಕ್ರೋಸ್ಕೋಪನ್ನು ಬಟ್ಟೆ ಸಮೇತ ಅವುಚಿಕೊಂಡೆ, ಓಡಿದೆ. ಹತ್ತಿ ಕೂತ ಮೇಲೆ ನೋಡಿದರೆ ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ.

"ಓಹೋ, ಲ್ಯಾಬ್ ಮೇಡಂ! ಎಷ್ಟು ದಿನ ಆಯ್ತು!" ಕಂಡಕ್ಟರರದು ಅದೇ ನಗು, ಅದೇ ಕೈ ಮುಗಿದದ್ದು. "ಏನದು, ಹೊಲಿಗೆ ಮಿಷಿನ್ನಾ?"

ಬಟ್ಟೆ ಜಾರಿತ್ತು. ಅವರೇ ನೋಡಿ, ಹಿಂದೆ ಕೂತವರಿಗೆಲ್ಲ ಕೇಳುವಂತೆ, "ನನ್ನ ಜೀವ ಉಳಿಸಿದ ಮಿಷಿನ್ನು ಕಣ್ರೀ ಇದು," ಎಂದರು.

ನಾನು ಚಿಲ್ಲರೆ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದೆ. ಈಗ ಮೀನು, ಈಗ ಮೀನು, ಎಂದುಕೊಂಡೆ.

ನಾನು ಕಟ್ಟೆ ಏರುವಾಗ ಅಣ್ಣ ಬಕೆಟ್ಟಿನಲ್ಲಿ ಪುಡಿ ಕಲಕಿ ಮುಗಿಸಿದ್ದ, ನೀರು ಬದನೆಕಾಯಿಯ ಬಣ್ಣ. ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಹಾಕ್ಬೇಡ! ಅಣ್ಣಾ, ನಾನು ತಪ್ಪು ಹೇಳಿದ್ದೆ. ಒಂದು ಸಿಕ್ಕಿದ ಕೂಡ್ಲೇ ನೋಡೋದನ್ನ ನಿಲ್ಲಿಸಿಬಿಟ್ಟೆ. ಬೇರೆ ಇದೆ. ಕಿವಿರಲ್ಲಿದೆ."

ಅತ್ತಿಗೆ ಮೀನು ತಂದದ್ದನ್ನೂ ಹೇಳಿದೆ. ಅವನು ಬಕೆಟ್ಟನ್ನೊಮ್ಮೆ ನೋಡಿದ, ಕೊಳವನ್ನೊಮ್ಮೆ ನೋಡಿದ. ಬೈಯಲಿ ಎಂದು ಕಾದೆ. ಬಕೆಟ್ಟು ಎತ್ತಿಕೊಂಡು ಕಟ್ಟೆಯ ಆಚೆ ಬದಿಗೆ ಇಳಿದು ದೂರದ ಬರಡು ನೆಲಕ್ಕೆ ಸುರಿದು ಬಂದ.

"ಇನ್ಯಾಕೆ ಅಂದವನು ನಾನು," ಎಂದ. ಆಮೇಲೆ, "ತೋರ್ಸು."

ಮೇವಿನ ಕೊಠಡಿಯಲ್ಲಿ ಕೂರಿಸಿದೆ. ಅಣ್ಣನಿಗೆ ಯಾವ ಕಣ್ಣು ಮುಚ್ಚಬೇಕೆಂದೇ ತಿಳಿಯಲಿಲ್ಲ, ಎರಡನ್ನೂ ಮುಚ್ಚಿದ. ಹೇಳಿಕೊಟ್ಟೆ. ಬಹಳ ಹೊತ್ತು ಅಲ್ಲಾಡದೆ ಕೂತ.

"ಇದಕ್ಕೆ ನಾಲ್ಕು ಕಣ್ಣು," ಎಂದ. ಸ್ವಲ್ಪ ಬಿಟ್ಟು, "ನೀನು ದಿನಾ ಇಂಥದ್ದೆಲ್ಲ ನೋಡ್ತಿದ್ಯಾ?"

"ಹೂಂ."

"ಇಪ್ಪತ್ನಾಲ್ಕು ವರ್ಷದಿಂದ ಹೇಳ್ಲೇ ಇಲ್ಲ."

ಕರೆದಾಗಲೆಲ್ಲ ಬಾರದವನು ಇವನು! ನನಗೆ ನಗು ಬಂತು, ಅಳುವೂ ಬಂತು. ಅವನು ಮಸೂರದಿಂದ ಕಣ್ಣು ತೆಗೆಯದ್ದರಿಂದ ಎರಡೂ ಅವನಿಗೆ ಕಾಣಲಿಲ್ಲ.

ಮಧ್ಯಾಹ್ನ ದನದ ಡಾಕ್ಟರಿಗೆ ಕೈಪಿಡಿಯ ಪುಟ ಓದಿ ಹೇಳಿ ಹುಳದ ಔಷಧ ಬರೆಸಿಕೊಂಡೆ. ಸಂಜೆ ಹಾಕಿದೆವು. ಹುಳ ಸಾಯುತ್ತದೆ, ಅದರ ಮೊಟ್ಟೆಗೆ ಏನೂ ಆಗುವುದಿಲ್ಲ. ಒಂದು ವಾರಕ್ಕೆ ಮೊಟ್ಟೆ ಒಡೆದು ಮರಿ ಬಂದ ಮೇಲೆ ಇನ್ನೊಮ್ಮೆ ಹಾಕಬೇಕು. ಇದನ್ನು ಮೂರು ಸಲ ಓದಿ ಖಚಿತ ಮಾಡಿಕೊಂಡೆ.

ಅಂಗಡಿಗೆ ಹೇಳದೆಯೇ ರಜೆ ಹಾಕಿದ ಹಾಗಾಯಿತು. ಬೆಳಗ್ಗೆ ಮನೆಗೆ ಬೀಗ ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಹಾಕಿರಬೇಕು.

ಮಾರ್ಚ್ 20, ಗುರುವಾರ

ನಿನ್ನೆ ಒಂದು, ಇವತ್ತು ಒಂದು. ಉಳಿದದ್ದು ಮೂವತ್ತೊಂದು. ಅಜ್ಜಿ ಕೊಳವೆಯ ಬಾಯಿ ಬಿಟ್ಟು ಕದಲುತ್ತಿಲ್ಲವಂತೆ. ಅಣ್ಣನೇ ಫೋನು ಮಾಡಿದ್ದ, ತಾನಾಗಿ! ಎರಡು ನಿಮಿಷ ಮಾತಾಡಿದ, ಒಂದೂವರೆ ನಿಮಿಷ ಬರೀ ಉಸಿರು.

ಮಾರ್ಚ್ 25, ಮಂಗಳವಾರ

ಎರಡನೇ ಸಲದ ಔಷಧ ಹಾಕಿದೆವು. ಅದಕ್ಕೆ ಮೊದಲು ಮೂರು ಮೀನಿನ ಕಿವಿರಿನ ತುದಿ ತೆಗೆದು ನೋಡಿದೆ. ಕತ್ತರಿ ಎತ್ತಿಕೊಟ್ಟವನು ಅಣ್ಣನೇ. ಒಂದೊಂದಕ್ಕೂ ನೂರು ಫೀಲ್ಡ್. ಮೂರರಲ್ಲೂ ಸೇರಿ ಎಳೆಯ ಹುಳ ಎರಡೇ, ಬಟಾಣಿಯ ಮೊಳಕೆಯಂತೆ ಪುಟ್ಟವು. ನೂರು ಮುಗಿದ ಮೇಲೂ ಸುಮ್ಮನೆ ನೋಡುತ್ತ ಕೂತಿದ್ದೆ. ನೀರಿನ ಹನಿಯಲ್ಲಿ ಪರೋಪಜೀವಿಯಲ್ಲದವೂ ಎಷ್ಟೊಂದು ಇವೆ, ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗೆ ಓಡಾಡಿಕೊಂಡು. ಅವುಗಳ ಹೆಸರೂ ತಿಳಿಯಬೇಕು.

ಪಕ್ಕದ ಊರಿನ ಮೀನು ಸಾಕುವವರೊಬ್ಬರು ಬಂದು ನಿಂತಿದ್ದರು, ಅವರ ಕೊಳದಲ್ಲೂ ಏನೋ ಆಗಿದೆಯಂತೆ. "ಸತ್ತದ್ದನ್ನ ತರಬೇಡಿ, ಐಸಿನಲ್ಲಿಡಬೇಡಿ, ಜೀವ ಇರೋದನ್ನ ನಿಮ್ಮ ಕೊಳದ ನೀರಲ್ಲೇ ತನ್ನಿ," ಎಂದು ಗದರಿದೆ. ಹೋದ ಮೇಲೆ ಅತ್ತಿಗೆ, "ಫೀಸು ಎಷ್ಟು ಡಾಕ್ಟ್ರೇ?" ಎಂದು ಅಣಕಿಸಿದರು.

ಏಪ್ರಿಲ್ 6, ಭಾನುವಾರ

ಮೊಟ್ಟೆ! ಮೊನ್ನೆ ರಾತ್ರಿ ಇಟ್ಟದ್ದಂತೆ, ನೀರಿಗೆ ಬಿಟ್ಟ ನಾರಿನ ಕಟ್ಟುಗಳ ತುಂಬ, ಎಳೆ ಎಳೆಗೂ ಅಂಟಿಕೊಂಡು. ಅಣ್ಣ ಒಂದು ಎಳೆ ಎತ್ತಿ ಬಿಸಿಲಿಗೆ ಹಿಡಿದು, ಕೇಳದೆಯೇ ತಾನಾಗಿ ಮೈಕ್ರೋಸ್ಕೋಪಿನ ಮುಂದೆ ಕೂತ. ಒಳಗೆ ಮರಿಯ ಎದೆ ಬಡಿದುಕೊಳ್ಳುವುದು ಕಾಣುತ್ತದೆ. ಅತ್ತಿಗೆ ಅವನನ್ನು ಎಬ್ಬಿಸಲು ಮೂರು ಸಲ ಊಟಕ್ಕೆ ಕರೆಯಬೇಕಾಯಿತು. ಅಜ್ಜಿ ಮಾತ್ರ ಇಡಲಿಲ್ಲ. "ವಯಸ್ಸಾಯ್ತಲ್ಲ, ಈ ವರ್ಷ ರಜಾ," ಎಂದರು ಅತ್ತಿಗೆ.

ಬರುವಾಗಲೂ ಬಸ್ಸು. ಖಾಲಿ ಇತ್ತು, ಮುಂದೆ ಇಬ್ಬರು ಮಾತ್ರ. ಕಂಡಕ್ಟರು ಟಿಕೆಟ್ ಕೊಟ್ಟು ನನ್ನ ಮುಂದಿನ ಸೀಟಿನಲ್ಲಿ ಕೂತರು, ಕಿಟಕಿಯ ಕಡೆ ಮುಖ ಮಾಡಿ. ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎನ್ನಿಸಿತು. ಹೇಳಿದೆ. ನಿಮ್ಮ ಸ್ಲೈಡಿನಲ್ಲಿ ಎರಡು ಕಾಯಿಲೆ ಇದ್ದವು, ಆರನೇ ಫೀಲ್ಡಿನಲ್ಲಿ ಒಂದು ಸಿಕ್ಕಿತೆಂದು ನಾನು ನಿಲ್ಲಿಸಿಬಿಟ್ಟೆ, ನಿಮ್ಮ ಜೀವ ಉಳಿಸಿದವಳು ನಾನಲ್ಲ, ನಾಲ್ಕು ದಿನ ತಡ ಮಾಡಿದವಳು ನಾನು. ಒಂದೇ ಉಸಿರಿಗೆ ಹೇಳಿ ಮುಗಿಸಿ ಅವರ ಬೆನ್ನು ನೋಡುತ್ತ ಕೂತೆ. ಅವರು ಅಲ್ಲಾಡಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ತಿರುಗಿದರು.

"ಏನಾದ್ರೂ ಅಂದ್ರಾ ಮೇಡಂ?" ಎಂದರು. "ಈ ಕಡೆ ಬನ್ನಿ, ಆ ಕಿವಿ ಕೇಳಲ್ಲ."

ಎದ್ದು ಆಚೆ ಬದಿಯ ಸೀಟಿಗೆ ಹೋಗಿ ಕೂತೆ. ಮೊದಲಿನಿಂದ ಹೇಳಿದೆ, ಈ ಸಲ ನಿಧಾನವಾಗಿ, ಒಂದನ್ನೂ ಬಿಡದೆ.

ಅವರ ನಗು ಹೋಯಿತು. ಬಸ್ಸು ನಿಂತಿತು, ಯಾರೋ ಹತ್ತಿದರು, ಎದ್ದು ಹೋಗಿ ಅವರಿಗೆ ಟಿಕೆಟ್ ಕೊಟ್ಟರು. ಮತ್ತೆ ಬಂದು ನಿಂತರು, ಕೂರಲಿಲ್ಲ.

"ಇಷ್ಟು ದಿನ ನಿಮಗೆ ಕೈ ಮುಗಿದೆ," ಎಂದರು.

"ಹೌದು."

"ಕೋಪ ಬರ್ತಿದೆ ಮೇಡಂ."

"ಬರಲಿ."

ಇನ್ನೊಂದು ಸ್ಟಾಪು ಹೋಯಿತು. ಅವರು ನನ್ನ ತೊಡೆಯ ಮೇಲಿನ ಮೈಕ್ರೋಸ್ಕೋಪನ್ನೇ ನೋಡುತ್ತಿದ್ದರು.

"ಅವತ್ತು ಓಡಿ ಬಂದ್ರಲ್ಲ, ಎರಡು ಥರದ ಚಪ್ಪಲಿ ಹಾಕ್ಕೊಂಡು. ಎಲ್ಲಿಗೆ?"

ಮೀನಿನ ಕಥೆ ಹೇಳಿದೆ. ಗಿರಗಿಟ್ಲೆ, ನಾಲ್ಕು ಕಣ್ಣು, ನೇರಳೆ ಬಕೆಟ್ಟು. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೇಳಿದರು.

"ಉಳಿದ್ವಾ?"

"ಮೂವತ್ತೊಂದು ಉಳಿದ್ವು. ಮೊನ್ನೆ ಮೊಟ್ಟೆ ಇಟ್ಟಿವೆ."

"ಹೂಂ," ಎಂದರು. ಅಣ್ಣನ ಹಾಗೆಯೇ. ಬಾಗಿಲಿಗೆ ಹೋಗಿ ಸೀಟಿ ಊದಿದರು. ನಾನು ಇಳಿಯುವಾಗ ಕೈ ಮುಗಿಯಲಿಲ್ಲ. ಮೈಕ್ರೋಸ್ಕೋಪು ಭಾರವಾಗಿದ್ದರಿಂದ ಒಂದು ಕಡೆ ಹಿಡಿದು ಇಳಿಸಿಕೊಟ್ಟರು.